ಬಾಗಿಲು ನಾನು ಹಾಕ್ತೀನಿ

ನಮ್ಮ ಕಟ್ಟಡದ ಕೆಳಗಿನ ಮನೆಯವರನ್ನು ಬೀದಿಯೆಲ್ಲ ಹೀರೊ ಎಂದೇ ಕರೆಯುತ್ತದೆ. ಹೊಸಬರು ಅದನ್ನು ಕುಚೋದ್ಯವೆಂದು ತಿಳಿದು ಸುಮ್ಮನೆ ನಕ್ಕುಬಿಡುತ್ತಾರೆ. ನಗದೆ ಇನ್ನೇನು? ಆಳು ಕುಳ್ಳು, ಮುಂದಲೆ ಮೈದಾನ, ಷರ್ಟಿನ ಜೇಬಿನಲ್ಲಿ ಲವಂಗದ ಡಬ್ಬಿ, ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು. ಹೊತ್ತುಹೊತ್ತಿಗೆ ಅದನ್ನು ಹೀರುವುದರಿಂದಲೇ ಈ ಹೆಸರು ಬಂದಿರಬೇಕು, ನೀರು ಹೀರೋ ಹೀರೊ, ಎಂದು ನಾನೂ ಮೊದಮೊದಲು ಅಂದುಕೊಂಡಿದ್ದೆ. ಒಂದು ದಿನ ಮೆಟ್ಟಿಲ ಬಳಿ ಹಿಂದಿನಿಂದ ಒಂದು ದನಿ ಬಂತು: "ಸ್ವಲ್ಪ ದಾರಿ ಬಿಡ್ತೀರಾ?" ನಾನು ತರಕಾರಿ ಚೀಲದ ಸಮೇತ ಗೋಡೆಗೆ ಅಂಟಿಕೊಂಡೆ. ಕುದುರೆಯಲ್ಲದಿದ್ದರೆ ಕನಿಷ್ಠ ಒಂದು ರಾಕೆಟ್ಟಾದರೂ ಹಾದುಹೋಗುತ್ತದೆಂದು ಕಾದೆ. ಹಾದುಹೋದದ್ದು ಖಾಲಿ ಸಿಲಿಂಡರು ಹೊತ್ತ ಹೀರೊ.

ದನಿ ಅಂಥದ್ದು. ಅವರ ಪೂರ್ತಿ ಹೊತ್ತಿನ ಕೆಲಸ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ. "ಆ ಬಸ್ಸು ಹೊರಟುಹೋಯ್ತು" ಎಂದು ಅವರು ಹೇಳಿದರೆ ಬಸ್ಸು ತಪ್ಪಿಸಿಕೊಂಡವರಿಗೆ ಏನೋ ಒಂದು ಮಹತ್ಕಾರ್ಯಕ್ಕಾಗಿ ತಾವು ಹಿಂದುಳಿದ ಹಾಗನಿಸಿ, ಎದೆಯುಬ್ಬಿಸಿಕೊಂಡು ಬೆಂಚಿಗೆ ಮರಳುತ್ತಿದ್ದರು. ರಜೆಯ ದಿನಗಳಲ್ಲಿ ಅವರು ಡಬ್ಬಿಂಗಿಗೆ ಹೋಗುತ್ತಿದ್ದರು. ದೂರದ ದೇಶದವರು ತೆಗೆದ ಆಕಾಶದ ಸಿನಿಮಾ ಒಂದು ಇತ್ತು, ಭಾಗ ಭಾಗವಾಗಿ ಬರುವಂಥದ್ದು. ಸಾಯುತ್ತಿರುವ ಗ್ರಹಗಳಿಂದ ಜನರನ್ನು ಹಡಗಿಗೆ ತುಂಬಿಕೊಂಡು ಕಾಪಾಡುವ ಒಬ್ಬ ಕಪ್ತಾನನ ಕಥೆ. ಮೊದಲ ಮೂರು ಭಾಗಗಳಲ್ಲೂ ಆ ಆರಡಿ ಕಪ್ತಾನನ ಬಾಯಲ್ಲಿ ನಮ್ಮ ಭಾಷೆ ಆಡಿದವರು ಇವರೇ. ಆ ದನಿ ಕೇಳಿ ಬೀದಿಯ ಮಕ್ಕಳು ಧೈರ್ಯ ಕಲಿತಿದ್ದರು. ಅವರ ಮಗಳಂತೂ ಎರಡನೇ ತರಗತಿಯಿಂದಲೇ "ನಮ್ಮಪ್ಪ ಕಪ್ತಾನ" ಎಂದು ಶಾಲೆಯಲ್ಲಿ ಬೋರ್ಡು ಹಾಕಿಕೊಂಡಿದ್ದಳು.

ನನಗೆ ಇದೆಲ್ಲ ತಿಳಿದದ್ದು ಆ ಸಿನಿಮಾದ ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ. ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಬೆರಳಗಂಟಿಗೆ ಸ್ಕೇಲಿನೇಟು ತಿಂದು ಕಲಿತ ಇಂಗ್ಲಿಷು ಎಲ್ಲಾದರೂ ತೀರಬೇಕಲ್ಲ. ಈ ಕೆಲಸದಲ್ಲಿ ಅರ್ಥಕ್ಕಿಂತ ತುಟಿ ಮುಖ್ಯ. ಅವರ ತುಟಿ ಮುಚ್ಚಿದ ಕಡೆ ನಮ್ಮಲ್ಲೂ ಪ, ಬ, ಮ ಬರಬೇಕು. ಅಲ್ಲಿ "ವಿದಾಯ" ಎಂದು ಬರೆದರೆ ಬಾಯಿ ಬೇರೆ ಕಡೆ, ಮಾತು ಬೇರೆ ಕಡೆ. "ಬರ್ತೀನಮ್ಮ" ಎಂದರೆ ಸರಿಹೋಗುತ್ತದೆ. ಹೀಗೆ ವಿಶ್ವವನ್ನೇ ಗೆದ್ದ ಕಪ್ತಾನ ನಮ್ಮ ಭಾಷೆಯಲ್ಲಿ ಪಕ್ಕದ ಮನೆಯವನಾಗಿಬಿಟ್ಟಿದ್ದ.

ಡಬ್ಬಿಂಗ್ ಕೋಣೆ ಇದ್ದದ್ದು ಒಂದು ಹಾಸಿಗೆ ಅಂಗಡಿಯ ಮೇಲೆ. ಗೋಡೆಗೆಲ್ಲ ಸ್ಪಂಜು. ಒಳಗೆ ಕೆಮ್ಮುವಂತಿಲ್ಲ, ಮೈಕು ಮಾತಿಗಿಂತ ಕೆಮ್ಮನ್ನು ಹೆಚ್ಚು ಪ್ರೀತಿಸುತ್ತದೆ. ಹೀರೊಗೆ ಹುಟ್ಟಿನಿಂದ ಒಂದು ಕೆಮ್ಮಿದೆ, ತುಕ್ಕು ಹಿಡಿದ ಕೈಪಂಪು ಒತ್ತಿದ ಹಾಗೆ. ಇಡೀ ದಿನ ಅದನ್ನು ಬಿಸಿನೀರಲ್ಲಿ ಮುಳುಗಿಸಿಟ್ಟುಕೊಂಡಿದ್ದು, ಸಂಜೆ ಮನೆಯ ಹೊಸ್ತಿಲಿಗೆ ಬಂದೊಡನೆ ಒಟ್ಟಿಗೆ ಕೆಮ್ಮಿ ಮುಗಿಸುತ್ತಿದ್ದರು. ಮಹಡಿಯ ಮೇಲಿದ್ದ ನನಗೆ ಅದೇ ಗಡಿಯಾರ.

ಕೋಣೆಯಲ್ಲಿ ಎರಡು ಸ್ಟೂಲುಗಳಿದ್ದವು. ನೀಲಿ ದಿಂಬಿನದು ನಾಯಕನ ದನಿಗೆ, ಕಪ್ಪು ದಿಂಬಿನದು ಖಳನ ದನಿಗೆ. ಕಪ್ಪಿನ ಮೇಲೆ ಕೂತ ಗಂಟಲು ಮತ್ತೆ ನೀಲಿಗೆ ಬರುವಂತಿಲ್ಲ. ಇದು ಆ ಕೋಣೆಯ ಕಾನೂನು. ಜನ ದನಿ ಮರೆಯುವುದಿಲ್ಲ, ಒಮ್ಮೆ ವಿಷ ಹಾಕಿದ ದನಿ ಆಮೇಲೆ ಹಾಲು ಕೊಟ್ಟರೂ ಕುಡಿಯುವುದಿಲ್ಲ ಎಂದು ಡಬ್ಬಿಂಗ್ ನಡೆಸುತ್ತಿದ್ದ ದೊಡ್ಡಕ್ಕ ಹೇಳುತ್ತಿದ್ದರು. ದೊಡ್ಡಕ್ಕ ಯಾರಿಗೂ ಅಕ್ಕನಲ್ಲ. ಆದರೆ ಅವರ ಎದುರು ಎಲ್ಲರೂ ತಾವಾಗಿ ತಮ್ಮಂದಿರು, ತಂಗಿಯರಾಗುತ್ತಿದ್ದರು.

ಕಪ್ಪು ಸ್ಟೂಲಿನವರು ಬೇರೆ ಯಾರೂ ಅಲ್ಲ, ಹೀರೊ ಹೆಂಡತಿಯ ಅಣ್ಣ. ವಿಲನ್ ಭಾವ ಎಂದೇ ಖ್ಯಾತರು. ಅವರದು ಮಕ್ಕಳ ಫ್ರಾಕು ಹೊಲಿಯುವ ಅಂಗಡಿ. ಗುಂಡಿ ಚುಚ್ಚೀತೆಂದು ಕೂಸಿನ ಬಟ್ಟೆಗೆ ಒಳಗಿನಿಂದ ಮೆತ್ತೆ ಕೊಡುವಷ್ಟು ಸಾಧು. ಮೈಕಿನ ಮುಂದೆ ನಿಂತರೆ ಮಾತ್ರ ಗ್ರಹಕ್ಕೆ ಗ್ರಹವೇ ಗಡಗಡ. ಭಾವ, ಭಾವಮೈದ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದು, ದಿನವಿಡೀ ಒಬ್ಬರನ್ನೊಬ್ಬರು ಸುಟ್ಟು ಬೂದಿ ಮಾಡಿ, ಅದೇ ಸ್ಕೂಟರಿನಲ್ಲಿ ವಾಪಸಾಗುತ್ತಿದ್ದರು.

ನಾಲ್ಕನೇ ಭಾಗ ಬಂದಾಗ ಶುರುವಾಯಿತು ಗೊಂದಲ. ಮೊದಲು ಬಂದದ್ದು ಒಂದು ಗಾಳಿಮಾತು. ಸೌಂಡ್ ಇಂಜಿನಿಯರು ಹೆಡ್‌ಫೋನು ಕಳಚಿ ಹೇಳಿದ, "ಈ ಪಾರ್ಟಲ್ಲಿ ಹೀರೊ ಬೀಳ್ತಾನಂತೆ."

"ಎಲ್ಲಿಂದ?" ಎಂದರು ಹೀರೊ, ಗಾಬರಿಯಾಗಿ.

"ಎಲ್ಲಿಂದ ಅಂದ್ರೆ? ಒಳ್ಳೇತನದಿಂದ. ಕೆಟ್ಟವನಾಗ್ತಾನಂತೆ."

"ಆಕಾಶದಲ್ಲಿ ಬೀಳೋಕೆ ನೆಲ ಎಲ್ಲಿದೆಯಪ್ಪ?" ಎಂದು ಭಾವ ನಗಿಸಲು ನೋಡಿದರು. ಹೀರೊ ನಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದರು, ತೆರೆಯಲಿಲ್ಲ.

ಅವರ ಸಂಕಟ ಎಲ್ಲರಿಗೂ ಅರ್ಥವಾಗುವಂಥದ್ದೇ. ಕಪ್ತಾನ ಕೆಟ್ಟವನಾದ ಮೇಲೂ ಇವರೇ ಮಾತಾಡಿದರೆ ಗಂಟಲಿಗೆ ಕಪ್ಪು ಮುದ್ರೆ; ಇನ್ನು ಜೀವಮಾನವಿಡೀ ನೀಲಿ ಸ್ಟೂಲಿಲ್ಲ. ಬಿಟ್ಟುಕೊಟ್ಟರೆ ಕಪ್ತಾನನೇ ಕೈತಪ್ಪುತ್ತಾನೆ. ಮೇಲಾಗಿ ಮಗಳು ಆಗಲೇ ಇಡೀ ತರಗತಿಗೆ ಮಾತು ಕೊಟ್ಟಾಗಿತ್ತು, ಎಲ್ಲರೂ ಒಟ್ಟಿಗೆ ಹೋಗಿ ಅಪ್ಪನನ್ನು ಕೇಳಿಸಿಕೊಳ್ಳುವುದೆಂದು. ಗ್ರಹದ ಸಮಸ್ಯೆಯನ್ನು ಹೇಗಾದರೂ ಬಗೆಹರಿಸಬಹುದು, ಗೃಹದ್ದು ಕಷ್ಟ.

ದೊಡ್ಡಕ್ಕ ಹಾವೂ ಸಾಯದ, ಕೋಲೂ ಮುರಿಯದ ಒಂದು ದಾರಿ ಹುಡುಕಿದರು. "ಬೀಳೋವರೆಗೂ ನೀನು, ಬಿದ್ದಮೇಲೆ ಭಾವ. ಮನುಷ್ಯ ಕೆಟ್ಟಾಗ ದನಿಯೂ ಕೆಡುತ್ತಪ್ಪ, ಜನ ಒಪ್ಕೋತಾರೆ. ಯಾವ ಸಾಲಲ್ಲಿ ಬೀಳ್ತಾನೋ ಆ ಸಾಲಿಂದ ಕೈ ಬದಲಾಯ್ಸೋಣ."

ಉಪಾಯವೇನೋ ಚೆನ್ನಾಗಿತ್ತು. ಆದರೆ ಚಿತ್ರ ಬಂದಾಗ ನೋಡಿದರೆ, ಪರದೆ ಪೂರ್ತಿ ಕಪ್ಪು.

ಕಥೆ ಸೋರಿಹೋಗಬಾರದೆಂದು ಕಂಪನಿಯವರು ಇಡೀ ಸಿನಿಮಾಕ್ಕೆ ಮಸಿ ಬಳಿದು, ಮಾತಾಡುವವನ ಬಾಯಿ ಇರುವಷ್ಟು ಜಾಗದಲ್ಲಿ ಮಾತ್ರ ಒಂದು ಗುಂಡನೆಯ ಕಿಂಡಿ ಬಿಟ್ಟಿದ್ದರು. ಆ ಕಿಂಡಿಯೊಳಗೆ ಎರಡು ತುಟಿ, ಕೆಲವು ಹಲ್ಲು. ಅವನು ಎಲ್ಲಿದ್ದಾನೆ, ಎದುರಿಗಿರುವವರು ಯಾರು, ಕೈಯಲ್ಲಿರುವುದು ಹೂವೋ ಕೋವಿಯೋ, ಏನೊಂದೂ ಕಾಣುವುದಿಲ್ಲ. ಸಾಲದ್ದಕ್ಕೆ ದೃಶ್ಯಗಳನ್ನೂ ಇಸ್ಪೀಟಿನ ಹಾಗೆ ಕಲಸಿ ಕಳಿಸಿದ್ದರು. ಮೊದಲಿನದು ಯಾವುದು, ಕೊನೆಯದು ಯಾವುದು, ಆ ಬಾಯಿಗೇ ಗೊತ್ತು. ಐದು ಜನ ನಾವು ದಂತವೈದ್ಯರ ಹಾಗೆ ಆ ಬಾಯೊಳಗೆ ಇಣುಕಿ ಪಾಪಪುಣ್ಯ ಹುಡುಕತೊಡಗಿದೆವು.

"ನೀರು ಕೊಡು. ಬೇಗ!" ಇದು ಒಂದು ಸಾಲು.

"ಹಲ್ಲು ಕಚ್ಚಿದಾನೆ ನೋಡಿ," ಎಂದ ಇಂಜಿನಿಯರು. "ಬಿದ್ದಾಗಿದೆ ಇವನು."

"ಬಾಯಾರಿದ್ರೆ ನಾನೂ ಹಲ್ಲು ಕಚ್ತೀನಿ," ಎಂದರು ಹೀರೊ.

"ನೀನು ಹೆಂಡ್ತೀನ ನೀರು ಕೇಳೋವಾಗ ಹೀಗೆ ಕೇಳ್ತೀಯಾ?" ಎಂದು ಭಾವ ತಂಗಿಯ ಪರ ಕಣ್ಣು ಕಿರಿದು ಮಾಡಿದರು. ಆ ಸಾಲು ಭಾವನಿಗೆ ಹೋಯಿತು.

"ಇನ್ನೊಂದ್ಸಲ ನನ್ನ ಮುಂದೆ ಬಂದ್ರೆ ಬಿಚ್ಚಿ ಬಿಸಾಕ್ತೀನಿ." ಇದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಭಾವನಿಗೆ. "ನನ್ನ ಕ್ಷಮಿಸಿಬಿಡು ತಮ್ಮಾ" ಎಂಬುದಕ್ಕೆ ಮಾತ್ರ ಒಂದು ಇಡೀ ಚಹಾದ ಹೊತ್ತು ಹಿಡಿಯಿತು. ಕ್ಷಮೆ ಕೇಳುವವನು ತಪ್ಪು ಮಾಡಿರುತ್ತಾನೆ, ಆದ್ದರಿಂದ ಬಿದ್ದವನು ಎಂದರು ದೊಡ್ಡಕ್ಕ. ಕ್ಷಮೆ ಕೇಳುವವನು ಒಳ್ಳೆಯವನು, ಬಿದ್ದವನು ಯಾಕೆ ಕೇಳುತ್ತಾನೆ ಎಂದರು ಹೀರೊ. ಇಬ್ಬರದೂ ಸರಿ ಅನ್ನಿಸಿ ನನಗೆ ತಲೆ ಗಿರ್ರೆಂದಿತು. ಸಿಸ್ಟರುಗಳು ಕಲಿಸಿದ ಎಲ್ಲ ನೀತಿಕಥೆಗಳಲ್ಲೂ ಕೆಟ್ಟವನ ಮುಖ ಕಾಣುತ್ತಿತ್ತು, ಚಿತ್ರಸಹಿತ.

ಆಮೇಲೆ ಬಂತು ಆ ಸಾಲು.

ಕಿಂಡಿಯಲ್ಲಿ ತುಟಿಗಳು ಬಹಳ ನಿಧಾನವಾಗಿ ಆಡುತ್ತಿದ್ದವು. ನಾನು ಬರೆದಿದ್ದ ಮಾತು ಇಷ್ಟೇ: "ಭಯ ಬೇಡ. ಎಲ್ಲರೂ ಒಳಗೆ ಹೋಗಿ ಕೂತ್ಕೊಳ್ಳಿ. ಬಾಗಿಲು ನಾನು ಹಾಕ್ತೀನಿ."

ದೊಡ್ಡಕ್ಕ ಕಾಗದದ ಮೇಲೆ ಪೆನ್ನು ಕುಟ್ಟಿದರು. "ಈ ಸಾಲು ಯಾಕೋ ನಂಗೆ ಸರಿ ಕಾಣ್ತಿಲ್ಲ. ತುಂಬಾ ಸಮಾಧಾನ ಇದೆ. ಭಾವನಿಗೆ ಕೊಡೋಣ, ಸೇಫು."

ಎಂದೂ ದನಿ ಎತ್ತದ ಹೀರೊ ಎದ್ದು ನಿಂತರು. "ದೊಡ್ಡಕ್ಕಾ, ಇದೊಂದು ಬೇಡ. ಇದು ಕಾಪಾಡೋ ಸೀನು. ಜನಾನ ಹಡಗಿಗೆ ಹತ್ತಿಸ್ತಿದಾನೆ, ತಾನು ಹೊರಗಡೆ ನಿಂತಿದಾನೆ. ಮೂರು ಪಾರ್ಟಿಂದ ಅವನು ಮಾಡಿರೋದೇ ಇದು. ಅವನನ್ನ ನಾನು ಬಲ್ಲೆ. ಬೇರೆ ಯಾವುದು ಬೇಕಾದ್ರೂ ತಗೊಳ್ಳಿ, ಇದು ನಂಗಿರ್ಲಿ."

"ಖಾತ್ರಿಯಾ?"

"ನನ್ನ ಮಗಳು ಕೇಳಿಸ್ಕೊಳ್ಳೋದು ಈ ಸಾಲನ್ನೇ."

ಭಾವ ಕಾಗದವನ್ನು ಹೀರೊ ಕಡೆ ಸರಿಸಿದರು. "ತಗೋ ಮಾರಾಯ. ನಂಗೂ ಇಷ್ಟು ಮೆತ್ತಗೆ ಮಾತಾಡೋಕೆ ಬರಲ್ಲ. ಮೆತ್ತಗಿದ್ರೆ ಗಂಟಲು ಕಟ್ಟುತ್ತೆ."

ಹೀರೊ ನೀಲಿ ಸ್ಟೂಲಿನಲ್ಲಿ ಕೂತು, ಬಿಸಿನೀರು ಹೀರಿ, ಕಣ್ಣುಮುಚ್ಚಿ ಆ ಸಾಲನ್ನು ಹೇಳಿದರು. ನನಗೆ ಆ ದನಿ ಗೊತ್ತಿತ್ತು. ಬೆಳಗ್ಗೆ ಅವರು ಕೆಲಸಕ್ಕೆ ಹೊರಡುವಾಗ, ಹೆಂಡತಿ ಆಗಲೇ ತನ್ನ ಕೆಲಸಕ್ಕೆ ಹೋಗಿರುತ್ತಾಳೆ. ಶಾಲೆಯ ವ್ಯಾನು ಬಂದಾಗ ಇನ್ನೊಂದು ಬೀಗದ ಕೈಯಿಂದ ನಾನು ತೆಗೆಯುವವರೆಗೆ ಮಗಳೊಬ್ಬಳೇ. "ಭಯ ಬೇಡ ಕಣೇ, ಬಾಗಿಲು ನಾನು ಹಾಕ್ತೀನಿ" ಎನ್ನುವುದು ದಿನವೂ ಮೆಟ್ಟಿಲ ಗುಂಟ ನನ್ನ ಕಾಫಿಯವರೆಗೆ ಬರುತ್ತಿತ್ತು. ಮೈಕಿನ ಮುಂದೆ ಅವರು ಅದನ್ನೇ, ಒಂದು ಎಳೆಯೂ ಬಿಡದೆ, ಕಪ್ತಾನನ ಬಾಯಿಗೆ ಹಾಕಿದರು. ಇಂಜಿನಿಯರು ಕಣ್ಣೊರೆಸಿಕೊಂಡ. ದೊಡ್ಡಕ್ಕ "ಓಕೆ" ಎನ್ನಲು ಮರೆತರು. ದನಿಗಳನ್ನು ಹಾಗೇ ಕಂಪನಿಗೆ ಕಳಿಸಿದೆವು. ಚಿತ್ರಕ್ಕೆ ಅವನ್ನು ಹೊಲಿದವರು ಅವರೇ, ಅಲ್ಲಿ ಯಾರಿಗೂ ನಮ್ಮ ಭಾಷೆಯ ತಲೆಬುಡ ತಿಳಿಯದು.

ಸಿನಿಮಾ ಬಂತು. ಮೊದಲ ಆಟಕ್ಕೆ ಮಗಳು, ಅವಳ ತರಗತಿ, ಅವರ ತಾಯಂದಿರು, ಹೀರೊ, ಭಾವ, ದೊಡ್ಡಕ್ಕ, ನಾನು, ಒಂದೇ ಸಾಲು. ಮಸಿ ಒರೆಸಿದ ಚಿತ್ರವನ್ನು ನಾವೂ ನೋಡುತ್ತಿದ್ದದ್ದು ಅದೇ ಮೊದಲು.

ಗಾಯಗೊಂಡ ಮುದುಕಿಯೊಬ್ಬಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಪ್ತಾನ ಕಣ್ಣೀರಿಡುತ್ತ ಕೇಳಿದ, ಭಾವನ ದನಿಯಲ್ಲಿ: "ನೀರು ಕೊಡು. ಬೇಗ!" ಮುದುಕಿಯನ್ನು ಮುಳುಗಿಸಲಿಕ್ಕೇ ಕೇಳಿದ ಹಾಗಿತ್ತು. ಥಿಯೇಟರು ಬೆಚ್ಚಿತು. ಆಮೇಲೆ ಅವನು ತಾನು ಸಾಕಿದ ಒಂದು ಸಣ್ಣ ಯಂತ್ರದ ನಾಯಿಯ ಕಿವಿ ಹಿಂಡುತ್ತ, ಮುದ್ದುಮಾಡುತ್ತ, "ಬಿಚ್ಚಿ ಬಿಸಾಕ್ತೀನಿ" ಎಂದು ಗುಡುಗಿದ. ಮುಂದಿನ ಸಾಲಿನ ಒಂದು ಮಗು ಅತ್ತಿತು. ಮತ್ತೆ ಹೀರೊ ದನಿ, ಮತ್ತೆ ಭಾವನ ದನಿ. ಕಪ್ತಾನನ ಮೈಮೇಲೆ ಯಾರೋ ಬರುತ್ತಾರೆ, ಹೋಗುತ್ತಾರೆ ಎಂದು ಹಿಂದಿನವರು ಪಿಸುಗುಟ್ಟಿದರು. ದೊಡ್ಡಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಕೊನೆಗೆ ಬಂತು ಆ ದೃಶ್ಯ. ಶತ್ರುರಾಣಿ ಕಪ್ತಾನನ ತಮ್ಮನನ್ನು ಹಿಡಿದಿಟ್ಟುಕೊಂಡಿದ್ದಾಳೆ. ನಿನ್ನ ಹಡಗಿನವರನ್ನೆಲ್ಲ ಕೊಟ್ಟರೆ ತಮ್ಮನನ್ನು ಬಿಡುತ್ತೇನೆ ಎಂದಿದ್ದಾಳೆ. ಮೂರು ಭಾಗಗಳ ಕಾಲ ಅವನ ಜೊತೆ ಬದುಕಿದ ಗೆಳೆಯರು, ಅವನು ಕಾಪಾಡಿದ ಜನ, ಎಲ್ಲರೂ ಅವನನ್ನೇ ನೋಡುತ್ತಿದ್ದಾರೆ. ಅವನು ಬಾಗಿಲ ಬಳಿ ನಿಂತಿದ್ದಾನೆ. ಹಡಗು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತು, ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

"ಭಯ ಬೇಡ," ಎಂದ ಕಪ್ತಾನ, ನಮ್ಮ ಹೀರೊ ದನಿಯಲ್ಲಿ. "ಎಲ್ಲರೂ ಒಳಗೆ ಹೋಗಿ ಕೂತ್ಕೊಳ್ಳಿ. ಬಾಗಿಲು ನಾನು ಹಾಕ್ತೀನಿ."

ಹಾಕಿದ. ಹೊರಗಿನಿಂದ.

ಥಿಯೇಟರಿನಲ್ಲಿ ಯಾರೋ ಜೋರಾಗಿ ಬಿಕ್ಕಿದರು. ನೋಡಿದರೆ ವಿಲನ್ ಭಾವ.

ಹೊರಗೆ ಬಂದಾಗ ಒಬ್ಬ ತಾಯಿ ಹೀರೊ ಕೈ ಹಿಡಿದು "ಏನು ಹೇಳಿದ್ರಿ ಸಾರ್ ಅದನ್ನ, ಎದೆ ಒಡೆದುಹೋಯ್ತು" ಎಂದರು. ಇನ್ನೊಬ್ಬ ತಾಯಿ ತನ್ನ ಮಗುವನ್ನು ಅವರಿಂದ ಸ್ವಲ್ಪ ದೂರ ಎಳೆದುಕೊಂಡರು. ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಹೀರೊ ಇಬ್ಬರಿಗೂ ಥ್ಯಾಂಕ್ಸ್ ಹೇಳಿದರು. ಮಗಳು ಬಸ್ಸಿನಲ್ಲಿ ಅಪ್ಪನ ಪಕ್ಕ ಕೂರದೆ ನನ್ನ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ಕೇಳಿದಳು.

"ಅಪ್ಪಾ, ನೀನು ಅವರನ್ನೆಲ್ಲ ಬೇಕೂಂತ ಒಳಗೆ ಹಾಕಿದ್ದಾ?"

"ಇಲ್ಲ ಕಣೇ. ನಂಗೆ ಗೊತ್ತೇ ಇರ್ಲಿಲ್ಲ. ಕಾಪಾಡ್ತಿದೀನಿ ಅಂದ್ಕೊಂಡಿದ್ದೆ."

"ಮತ್ತೆ ಅವನಿಗೆ ಗೊತ್ತಿತ್ತಲ್ಲ? ಗೊತ್ತಿದ್ರೂ ಅಷ್ಟು ಪ್ರೀತಿಯಿಂದ ಹೇಳ್ಬಹುದಾ?"

ಹೀರೊ ಬಾಯಿ ತೆರೆದರು. ಮಾತೇ ಕಳಿಸಿರದ ದೃಶ್ಯದಂತೆ ತುಟಿಗಳು ಸುಮ್ಮನೆ ಆಡಿದವು.

ಅಲ್ಲಿಂದ ಎಲ್ಲವೂ ತಿರುವುಮುರುವು. ಬಸ್ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕ ಬಂದು ಬಸ್ಸು ಯಾವಾಗ ಎಂದು ಕೇಳಿದ. "ಬರುತ್ತೆ, ಭಯ ಬೇಡ, ಕೂತ್ಕೊಳ್ಳಿ" ಎಂದರು ಹೀರೊ ವಾಡಿಕೆಯಂತೆ. ಬೆಂಚಿನ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. ಒಂದಿಬ್ಬರು ಚೀಲ ಎತ್ತಿಕೊಂಡು ಆಟೋ ಹಿಡಿದರು. ಮೇಲಧಿಕಾರಿ ಕರೆದು, "ಸ್ವಲ್ಪ ಒರಟಾಗಿ ಮಾತಾಡಿ ಸಾರ್, ಜನಕ್ಕೆ ಧೈರ್ಯ ಬರುತ್ತೆ" ಎಂದು ಬುದ್ಧಿ ಹೇಳಿದರಂತೆ.

ಇತ್ತ ಭಾವನ ಅಂಗಡಿಗೆ ಹೊಸ ಗಿರಾಕಿಗಳು. ಮುದುಕಿಗೆ ನೀರು ಕೇಳಿದ ದನಿ ಇದೇ ಅಲ್ಲವೇ ಎಂದು ಬಂದು ನೋಡುವವರು. ಎಷ್ಟೋ ವರ್ಷ ಕೆಟ್ಟವನಾಗಿದ್ದು, ಇದ್ದಕ್ಕಿದ್ದಂತೆ ಮರ್ಯಾದೆ ಸಿಕ್ಕು ಅವರು ಟೇಪು ಕೊರಳಲ್ಲಿಟ್ಟುಕೊಂಡೇ ಟೇಪು ಹುಡುಕುತ್ತಿದ್ದರು.

ಬೆಳಗಿನ ಹೊತ್ತು ಮೆಟ್ಟಿಲ ಗುಂಟ ನನ್ನ ಕಾಫಿಯವರೆಗೆ ಬರುತ್ತಿದ್ದ ಮಾತು ಬದಲಾಯಿತು. "ಭಯ ಬೇ..." ಎಂದು ಅಪ್ಪ ಶುರುಮಾಡುತ್ತಲೇ, "ಬೇಡ ಅಪ್ಪಾ. ನಾನೇ ಹಾಕ್ಕೋತೀನಿ" ಎಂದು ಮಗಳ ದನಿ. ಒಳಗಿನಿಂದ ಚಿಲಕ. ಹೀರೊ ಕೈಯಲ್ಲಿ ಬೀಗದ ಕೈ ಹಿಡಿದು ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು, ಯಾವ ಬಸ್ಸೆಂದು ಮರೆತವರ ಹಾಗೆ.

ಕಂಪನಿಯಿಂದ ಸುದ್ದಿ ಬಂತು. ಬೇರೆಲ್ಲ ಭಾಷೆಗಳಲ್ಲಿ ಆ ದೃಶ್ಯಕ್ಕೆ ಜನ ಸಿಟ್ಟಾದರಂತೆ, ನಮ್ಮ ಭಾಷೆಯಲ್ಲಿ ಮಾತ್ರ ಅತ್ತರಂತೆ. ಐದನೇ ಭಾಗದಲ್ಲಿ ಕಪ್ತಾನ ಮೊದಲಿನಿಂದಲೇ ಬಿದ್ದವನು. ಅವನ ಎಲ್ಲ ಮಾತಿಗೂ ಅದೇ ದನಿ ಬೇಕು. ದೊಡ್ಡಕ್ಕ ನನ್ನ ಕೈಲಿ ಹೇಳಿಕಳಿಸಿದರು: "ಒಪ್ಪಿದ್ರೆ ಕಪ್ಪು ಸ್ಟೂಲು. ಆಮೇಲೆ ನೀಲಿ ಕೇಳೋ ಹಾಗಿಲ್ಲ. ಒಪ್ಪದಿದ್ರೆ ಭಾವ ಇದಾನೆ. ಸಂಜೆಯೊಳಗೆ ಹೇಳ್ಬೇಕು."

ನಾನು ಬಸ್ ನಿಲ್ದಾಣಕ್ಕೇ ಹೋಗಿ ಹೇಳಿದೆ. ಮನೆಗೆ ಮರಳುವ ದಾರಿಯುದ್ದಕ್ಕೂ ಹೀರೊ ಲೆಕ್ಕ ತಪ್ಪಿದವರ ಹಾಗೆ ನಡೆದರು. "ಮೇಡಂ, ನೀವೇ ಹೇಳಿ. ನಾನು ತಪ್ಪಾಗಿ ಹೇಳಿದ್ದು ಸರಿಯಾಯ್ತು ಅಂತಾರೆ. ಸರಿಯಾಗಿ ಹೇಳಿದ್ರೆ ತಪ್ಪಾಗ್ತಿತ್ತಾ? ಅಥವಾ ತಪ್ಪಾಗಿದ್ರೆ ಸರಿಹೋಗ್ತಿತ್ತಾ?" ಪ್ರಶ್ನೆ ನನಗೂ ಅರ್ಥವಾಗಲಿಲ್ಲ, ಆದರೆ ಅದರಲ್ಲೇನೋ ಇದೆ ಅನ್ನಿಸಿತು. ಬೇಡ ಎನ್ನುವುದೇ ಒಳ್ಳೆಯದು ಎಂದು ಕೊನೆಗೆ ಅವರೇ ಅಂದರು. ಮಗಳಿಗೋಸ್ಕರ ಬಿಟ್ಟೆ ಅಂದರೆ ಅವಳಿಗೂ ಸಮಾಧಾನ.

ಮನೆ ಬಂತು. ಚಿಲಕ ಹಾಕಿತ್ತು. ಹೀರೊ ಬಾಗಿಲು ತಟ್ಟಿದರು.

"ಯಾರು?"

"ನಾನು ಕಣೇ. ಬಾಗಿಲು ತೆಗಿ."

ಒಳಗಿನಿಂದ ಮತ್ತೆ: "ಯಾವ ನಾನು?"

ಹೀರೊ ನನ್ನ ಕಡೆ ನೋಡಿದರು. ನಾನು ಬರೆದುಕೊಡುತ್ತೇನೆ ಎಂಬಂತೆ. ನನ್ನ ಬಳಿ ಆ ಸಾಲಿರಲಿಲ್ಲ. "ನಾನು... ಅಪ್ಪ" ಎಂದರು. ದರಿದ್ರ ದನಿ, ಅಷ್ಟು ಸಣ್ಣ ಮಾತನ್ನೂ ಬೆಳ್ಳಿತೆರೆಗೆ ಆಗುವ ಹಾಗೆ ಹೇಳಿತು. ಬಾಗಿಲು ತೆರೆಯಲಿಲ್ಲ. ಅವರು ಇನ್ನೇನೋ ಹೇಳಲು ಹೋದರು. ಇಡೀ ದಿನ ಮುಳುಗಿಸಿಟ್ಟಿದ್ದ ಕೆಮ್ಮು ಅಷ್ಟರಲ್ಲಿ ಮೇಲೆ ಬಂತು. ಕೈಪಂಪು ಶುರುವಾಯಿತು. ಬಾಗಿಲ ಚೌಕಟ್ಟು ಹಿಡಿದು, ಬಗ್ಗಿ, ಮುಖ ಕೆಂಪಾಗಿ ಕೆಮ್ಮಿದರು.

ಚಿಲಕ ಸರಿಯಿತು. ಮಗಳು ನೀರಿನ ಲೋಟ ಹಿಡಿದು ನಿಂತಿದ್ದಳು.

"ಕೆಮ್ಮು ನಿಂದೇ," ಎಂದಳು. "ಕಪ್ತಾನ ಕೆಮ್ಮಲ್ಲ."

ನೀರು ಕುಡಿದು ಮುಗಿಸುವವರೆಗೂ ಅವಳು ಕಾದಳು. ನಮ್ಮ ಮಾತಿನ ಅರ್ಧವನ್ನು ಅವಳು ಕಿಟಕಿಯಿಂದ ಕೇಳಿಸಿಕೊಂಡಿರಬೇಕು. "ಮುಂದಿನ ಪಾರ್ಟಲ್ಲಿ ಅವನು ಹಡಗಿನ ಬಾಗಿಲು ತೆಗೀತಾನಾ ಅಪ್ಪಾ?"

"ಗೊತ್ತಿಲ್ಲ ಕಣೇ. ಹೇಳಲ್ಲ ಅವರು."

"ಒಂದು ವೇಳೆ ತೆಗೆದ್ರೆ? ಒಳಗಿರೋರಿಗೆ ಅವನ ದನಿ ಗುರ್ತು ಸಿಗ್ಬೇಕಲ್ಲ. ಮಾಮನ ದನಿಲಿ ಕರೆದ್ರೆ ಯಾರು ಬರ್ತಾರೆ?"

ಹೀರೊ ಲೋಟವನ್ನು ಕೆಳಗಿಟ್ಟರು. ಮೇಲೆತ್ತಿದರು. ಖಾಲಿಯಾಗಿತ್ತು, ಆದರೂ ಒಮ್ಮೆ ಹೀರಿದರು.

ಮುಂದಿನ ರಜೆಯ ದಿನ ಅವರು ಹಾಸಿಗೆ ಅಂಗಡಿಯ ಮೆಟ್ಟಿಲು ಹತ್ತಿದರು. ಕಪ್ಪು ಸ್ಟೂಲಿನ ಮೇಲೆ ಕೂತರು. ಕೂರಲು ಬೇರೆ ಜಾಗವಿಲ್ಲದೆ ಭಾವ ನೀಲಿ ದಿಂಬಿನ ತುದಿಗೆ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ, ಒಂದು ಕಡೆಯಿಂದ ಒರಗಿದ್ದರು. ಪರದೆ ಕಪ್ಪಾಯಿತು. ಕಿಂಡಿ ಬಂತು. ತುಟಿಗಳು.

"ಯಾರನ್ನ ಕರೀತಿದಾನೆ?" ಎಂದು ಹೀರೊ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ.

"ಒಳ್ಳೇದಕ್ಕಾ, ಕೆಟ್ಟದ್ದಕ್ಕಾ?"

"ನೀನು ಹೇಳಪ್ಪ ಸುಮ್ನೆ," ಎಂದರು ದೊಡ್ಡಕ್ಕ. "ಆಮೇಲೆ ನೋಡಿದ್ರಾಯ್ತು."

ಹೀರೊ ಮೈಕಿನ ಹತ್ತಿರ ಬಗ್ಗಿದರು. ಫ್ಲಾಸ್ಕು ಮುಟ್ಟಲಿಲ್ಲ. ಆ ಕೋಣೆಯಲ್ಲಿ ಯಾರೂ ಎಂದೂ ಮಾಡದಿದ್ದನ್ನು ಮಾಡಿದರು. ಮೊದಲು ಸಣ್ಣಗೆ ಒಮ್ಮೆ ಕೆಮ್ಮಿ, ಆಮೇಲೆ ಮಾತು ಶುರುಮಾಡಿದರು. ಇಂಜಿನಿಯರು ನಿಲ್ಲಿಸಲು ಕೈ ಎತ್ತಿದ. ಎತ್ತಿದ ಕೈಯನ್ನು ದೊಡ್ಡಕ್ಕ ಹಿಡಿದುಕೊಂಡರು.